ಘಟ್ಟದ ಮೇಲಿನ ನೆಂಟರು

ಕುದುರೆಮುಖದ ಕಡೆ ಹೋಗಿಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಹುಲ್ಲುಗುಡ್ಡ, ಶೋಲಾ ಕಾಡು, ಮಂಜು, ಜಲಪಾತ ಎನ್ನುತ್ತಾರೆ. ನನ್ನನ್ನು ಕೇಳಿದವರಿಗೆ ನಾನು ಹೇಳಿದ್ದು ಒಂದು ಬಸವನಹುಳು ಮತ್ತು ಒಂದು ಚಿಪ್ಪಿನ ವಿಷಯ. ಕೇಳಿದವರು ತಲೆಯಾಡಿಸಿ ಬೇರೆ ಮಾತಿಗೆ ಹೋದರು. ಆದರೆ ಆ ಎರಡು ಜೀವಗಳು ನನ್ನ ತಲೆಯಿಂದ ಇನ್ನೂ ಇಳಿದಿಲ್ಲ.

ಹೊರಟದ್ದು ಫೆಬ್ರವರಿ ಕೊನೆಗೆ. ಜೊತೆಗಿದ್ದವರು ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದ ನನ್ನ ಹಳೆಯ ಪರಿಚಯದ ಮೇಷ್ಟ್ರು. ಮಳೆಗಾಲದಲ್ಲಿ ಹೋದರೆ ಹೊಳೆಯ ಅಬ್ಬರ ಕಾಣುತ್ತದೆ, ಹೊಳೆ ಕಾಣುವುದಿಲ್ಲ, ಹೊಳೆ ಇಳಿದ ಮೇಲೆ ಹೋಗಬೇಕು ಎಂಬುದು ಅವರ ಹಟ. ಕಾರ್ಕಳ, ಬಜಗೋಳಿ ದಾಟಿ, ಮಾಳದ ತಿರುವುಗಳಲ್ಲಿ ಘಟ್ಟ ಹತ್ತುವಾಗ ಬೆನ್ನ ಹಿಂದೆ ಉಡುಪಿಯ ಸೆಖೆ ಕಳಚುತ್ತ ಹೋಯಿತು. ರಸ್ತೆಬದಿಯ ಮರಗಳಲ್ಲಿ ಹೊಸ ಚಿಗುರು ಕೆಂಪಗೆ ಹೊತ್ತಿಕೊಂಡಿತ್ತು. ಮೇಷ್ಟ್ರ ಗಮನ ಮಾತ್ರ ರಸ್ತೆಗೆ ಇಳಿದುಬರುವ ಸಣ್ಣ ಝರಿಗಳ ಮೇಲೆ. ಯಾವುದು ಬತ್ತಿದೆ, ಯಾವುದರಲ್ಲಿ ಇನ್ನೂ ಜೀವ ಇದೆ ಎಂದು ಲೆಕ್ಕ ಹಾಕುತ್ತ ಕೂತಿದ್ದರು.

ಹನುಮನಗುಂಡಿಯಲ್ಲಿ ಟಿಕೆಟು ತೆಗೆದುಕೊಂಡು ಮೆಟ್ಟಿಲಿಳಿದೆವು. ಕೆಳಗೆ ಕಾಲೇಜು ಹುಡುಗರ ಒಂದು ಗುಂಪು ಗುಂಡಿಯ ನೀರಿನಲ್ಲಿ ಕುಣಿಯುತ್ತಿತ್ತು. ಮೇಷ್ಟ್ರು ಅತ್ತ ಹೋಗಲಿಲ್ಲ. ಜಲಪಾತದ ಮಗ್ಗುಲಿಗೆ, ನೀರು ನೇರ ಬೀಳದ, ಆದರೆ ತುಂತುರು ಸದಾ ತಾಗುವ ಕಪ್ಪು ಬಂಡೆಯ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತರು. ಕಾವಲಿನ ಹುಡುಗ ಬಂದು, "ಸಾರ್, ಫಾಲ್ಸ್ ಆ ಕಡೆ" ಎಂದ. "ಗೊತ್ತು ಮಾರಾಯ, ಇಲ್ಲಿ ಬಾ" ಎಂದು ಅವನನ್ನೂ ಕರೆದು ತೋರಿಸಿದರು.

ಮೊದಲಿಗೆ ನನಗೆ ಕಂಡದ್ದು ಪಾಚಿಯ ತೆಳು ಲೇಪ, ಅದರ ಮೇಲೆ ಹೊಳೆಯುವ ನೀರಿನ ಪದರ. ಕಣ್ಣು ಪಳಗಿದ ಮೇಲೆ ಬಂಡೆಯ ಸೀಳಿನಲ್ಲಿ ಕರಿಮೆಣಸಿನ ಕಾಳಿಗಿಂತ ತುಸು ದೊಡ್ಡ ಉಂಡೆಗಳು ಕಂಡವು. ಕಂದು ಬಣ್ಣ, ಗಿಡ್ಡ ಸುರುಳಿ. ಒಂದು ನಿಧಾನವಾಗಿ ಸರಿಯುತ್ತಿತ್ತು. ಎರಡು ಸಣ್ಣ ಕೊಂಬು ಹೊರಚಾಚಿ, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ಬಂಡೆಯನ್ನು ನೆಕ್ಕುತ್ತಿತ್ತು. ಅದರ ನಾಲಿಗೆಯ ಮೇಲೆ ಸಾಲುಸಾಲಾಗಿ ಸೂಕ್ಷ್ಮ ಹಲ್ಲುಗಳಿವೆ, ಅದರಿಂದ ಪಾಚಿಯನ್ನು ಕೆರೆದು ತಿನ್ನುತ್ತದೆ ಎಂದರು ಮೇಷ್ಟ್ರು. ಅದು ಹಾದುಹೋದ ಕಡೆ ಪಾಚಿಯ ನಡುವೆ ಕೂದಲೆಳೆಯಂಥ ತೆಳು ಗೆರೆ ಉಳಿದಿತ್ತು.

ಇದರ ಹೆಸರು ಕ್ರೆಮ್ನೋಕಾಂಕಸ್ ಹನುಮಾನಿ. ಈ ಜಲಪಾತದ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಟ್ಟದ್ದು 2013ರಲ್ಲಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಡೇವಿಡ್ ರೀಡ್, ಬೆಂಗಳೂರಿನ ಏಟ್ರೀ ಸಂಸ್ಥೆಯ ಎನ್.ಎ. ಅರವಿಂದ, ನಮ್ಮ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಮೃದ್ವಂಗಿಗಳ ಅಧ್ಯಯನ ಕಟ್ಟಿದ ಎನ್.ಎ. ಮಧ್ಯಸ್ಥ, ಈ ಮೂವರು ಸೇರಿ ಕರ್ನಾಟಕದ ಘಟ್ಟಗಳಿಂದ ಇದರ ಜೊತೆ ಇನ್ನೂ ಐದು ಹೊಸ ಪ್ರಭೇದಗಳನ್ನು ಲೋಕಕ್ಕೆ ತಿಳಿಸಿದರು. ಆಗುಂಬೆಯದು ಬೇರೆ, ಇಲ್ಲಿಯದು ಬೇರೆ. ಅದಕ್ಕೆ ಮೊದಲು ಈ ಕುಲ ಇದೆಯೆಂದು ಗೊತ್ತಿದ್ದದ್ದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಮಾತ್ರ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಲ್ಲ, ಇದರ ಮನೆತನ. ಕಾಪು ಲೈಟ್‌ಹೌಸಿನ ಬುಡದಲ್ಲಿ, ಮಲ್ಪೆಯಾಚೆಯ ಬಂಡೆಗಳಲ್ಲಿ, ಅಲೆ ತಲುಪದ, ಅಲೆಯ ಹನಿ ಮಾತ್ರ ತಲುಪುವ ಎತ್ತರದಲ್ಲಿ ಸೀಳುಗಳಲ್ಲಿ ಗುಂಪುಗುಂಪಾಗಿ ಕೂರುವ ಸಣ್ಣ ಬಸವನಹುಳುಗಳನ್ನು ನಾವು ಹುಡುಗರಾಗಿದ್ದಾಗಿನಿಂದ ನೋಡಿದ್ದೇವೆ. ಲಿಟೊರಿನಿಡೇ ಎಂಬ ಆ ಕುಟುಂಬ ಪ್ರಪಂಚದ ಕಡಲತೀರಗಳಲ್ಲೆಲ್ಲ ಹರಡಿಕೊಂಡಿದೆ. ಇಡೀ ಕುಟುಂಬದಲ್ಲಿ ಉಪ್ಪುನೀರು ಬಿಟ್ಟು ಸಿಹಿನೀರಿಗೆ ಬಂದು ನೆಲೆಸಿದ್ದು ಈ ಒಂದೇ ಕುಲ, ಅದೂ ಪಶ್ಚಿಮಘಟ್ಟದಲ್ಲಿ ಮಾತ್ರ, ಬೇರೆಲ್ಲೂ ಇಲ್ಲ. ಕಾಪುವಿನ ಬಂಡೆಯಲ್ಲಿ ಕೂತದ್ದರ ನೆಂಟ ಇಲ್ಲಿ, ಘಟ್ಟದ ಮೇಲೆ, ಜಲಪಾತದ ತುಂತುರಿನಲ್ಲಿ ಕೂತಿದೆ. ಊರು ಬದಲಾದರೂ ಕೂರುವ ರೀತಿ ಬದಲಾಗಿಲ್ಲ. ಅಲ್ಲಿ ಅಲೆಯ ಹನಿ, ಇಲ್ಲಿ ಅಬ್ಬಿಯ ಹನಿ.

ಆದರೆ ಕಡಲಿನಲ್ಲಿದ್ದ ಒಂದು ಅನುಕೂಲ ಇಲ್ಲಿಲ್ಲ. ತೀರದ ನೆಂಟರಲ್ಲಿ ಬಹುಪಾಲು ತಮ್ಮ ಮರಿಗಳನ್ನು ನೀರಿಗೆ ಬಿಟ್ಟುಬಿಡುತ್ತವೆ. ಅವು ಪ್ರವಾಹದಲ್ಲಿ ತೇಲಿ ಎಲ್ಲೋ ಒಂದು ಬಂಡೆ ಸೇರಿಕೊಳ್ಳುತ್ತವೆ, ಹಾಗೆ ಕುಲ ದೂರದೂರಕ್ಕೆ ಹರಡುತ್ತದೆ. ಹನುಮನಗುಂಡಿಯಲ್ಲಿ ಮರಿಯನ್ನು ನೀರಿಗೆ ಬಿಟ್ಟರೆ ಅದು ಕೊಚ್ಚಿ ಹೋಯಿತೆಂದೇ ಲೆಕ್ಕ, ಮತ್ತೆ ಮೇಲೆ ಹತ್ತಿಬರಲಾರದು. ಒಂದು ಅಬ್ಬಿಯ ತುಂತುರಿಗೂ ಇನ್ನೊಂದು ಅಬ್ಬಿಯ ತುಂತುರಿಗೂ ನಡುವೆ ಒಣ ಕಾಡು, ರಸ್ತೆ, ಗುಡ್ಡ. ದಾಟಲು ದಾರಿಯಿಲ್ಲ. ಅದಕ್ಕೇ ಜಾಗಕ್ಕೊಂದು ಬಗೆ. ಇಲ್ಲಿ ಬತ್ತಿದರೆ ಬೇರೆಡೆಯಿಂದ ಬಂದು ತುಂಬುವವರಿಲ್ಲ.

ಕಾವಲಿನ ಹುಡುಗ ಬಹಳ ಹೊತ್ತು ಬಂಡೆ ಬಿಟ್ಟು ಕದಲಲಿಲ್ಲ. "ಇಷ್ಟು ವರ್ಷ ಇಲ್ಲೇ ಇದೀನಿ, ಇದನ್ನ ಒರಗಿಕೊಂಡೇ ಊಟ ಮಾಡ್ತೀನಿ ಸಾರ್" ಎಂದ. ನಾವು ಮೆಟ್ಟಿಲು ಹತ್ತುವಾಗ ಅವನು ಕಾಲೇಜು ಹುಡುಗರಲ್ಲೊಬ್ಬನನ್ನು ಆ ಬಂಡೆಯ ಹತ್ತಿರ ಕರೆದು ತರುತ್ತಿದ್ದ.

ಕುದುರೆಮುಖದ ಟೌನ್‌ಶಿಪ್ಪನ್ನು ಹಾದು ಹೋದೆವು. ಖಾಲಿ ಮನೆಗಳ ಗೋಡೆಗಳನ್ನು ಬಳ್ಳಿ ಹತ್ತಿದೆ. 1976ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಕಂಪನಿಯ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ಆದೇಶದ ಪ್ರಕಾರ 2005ರ ಕೊನೆಗೆ ನಿಂತಿತು. ಗಣಿ ಪ್ರದೇಶದಿಂದ ಭದ್ರೆಗೆ ಸೇರುತ್ತಿದ್ದ ಹೂಳು ಎಷ್ಟು ಹೆಚ್ಚಿತ್ತು ಎಂಬುದನ್ನು ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಹೊಳೆಯ ನೀರನ್ನೇ ಅಳೆದು 2006ರಲ್ಲಿ ಪ್ರಕಟಿಸಿದ್ದಾರೆ. ಗಣಿಯ ಪರ ಮತ್ತು ವಿರುದ್ಧದ ವಾದಗಳಲ್ಲಿ ಹುಲಿ ಬಂತು, ಸಿಂಗಳೀಕ ಬಂತು, ಕೆಲಸ ಕಳೆದುಕೊಂಡವರ ಸಂಕಟವೂ ಬಂತು. ಹೊಳೆಯ ತಳದಲ್ಲಿ ಇರುವವರ ಮಾತು ಬಂದದ್ದು ಬಹಳ ಕಡಿಮೆ. ಹೂಳು ಮೊದಲು ಮುಚ್ಚುವುದು ಅವರ ಬಾಯಿಯನ್ನೇ.

ಕಳಸ ಮುಟ್ಟಿದಾಗ ಸಂಜೆ. ಉಳಿದದ್ದು ಮೇಷ್ಟ್ರ ಶಿಷ್ಯರೊಬ್ಬರ ತೋಟದ ಮನೆಯಲ್ಲಿ. ಕಾಲು ತೊಳೆದು ಜಗಲಿಗೆ ಹತ್ತುವಷ್ಟರಲ್ಲಿ ಅವರ ಅಜ್ಜಿ, "ಘಟ್ಟದ ಕೆಳಗಿನವ್ರಾ? ಎಲ್ಲಿ ಆಯ್ತು? ಯಾರ ಕಡೆ?" ಎಂದು ಕೇಳಿದರು. ಅಜ್ಜಿಯ ತವರು ಕಾರ್ಕಳದ ಹತ್ತಿರ. ಮದುವೆಯಾಗಿ ಗಾಡಿದಾರಿಯಲ್ಲಿ ಘಟ್ಟ ಹತ್ತಿ ಬಂದವರು. ನನ್ನ ಊರಿನ ಎರಡು ಮನೆಗಳ ಹೆಸರು ಹೇಳಿದ ಮೇಲೆ ಒಂದು ನೆಂಟಸ್ತಿಕೆ ಸಿಕ್ಕಿಯೇ ಸಿಕ್ಕಿತು, ಮತ್ತೆ ನಾನು ಹೊರಗಿನವನಾಗಿ ಉಳಿಯಲಿಲ್ಲ. ಊಟಕ್ಕೆ ಕೆಂಡದ ಮೇಲೆ ಸುಟ್ಟ ಅಕ್ಕಿರೊಟ್ಟಿ, ಒಣ ಸೀಗಡಿ ಚಟ್ನಿ, ಹುರುಳಿ ಸಾರು. ಸೀಗಡಿ ಮಲ್ಪೆಯಿಂದ ಸಂತೆಗೆ ಬಂದದ್ದು. ನಮ್ಮಲ್ಲಿ ಅದನ್ನು ತೆಂಗಿನಕಾಯಿ ತುರಿಯಲ್ಲಿ ಮುಳುಗಿಸುತ್ತಾರೆ. ಇಲ್ಲಿ ತೆಂಗು ಕಡಿಮೆ, ಗಾಂಧಾರಿ ಮೆಣಸು ಜಾಸ್ತಿ. ಕಡಲ ರುಚಿ ಘಟ್ಟದ ಕಾರ ಹಚ್ಚಿಕೊಂಡು ಬೇರೆಯೇ ಆಗಿತ್ತು.

ಮಳೆಗಾಲದ ಮಾತು ಬಂದಾಗ ಏಡಿ ಸಾರಿನ ಮಾತು ಬಂತು. ಹೊಟ್ಟೆಯ ಮಡಿಕೆಯಲ್ಲಿ ಮರಿ ಇಟ್ಟುಕೊಂಡ ಏಡಿಯನ್ನು ಅಜ್ಜಿ ಹಿಡಿಯಲು ಬಿಡುವುದಿಲ್ಲವಂತೆ. "ಬಾಣಂತಿ ಅಲ್ದಾ ಅದು" ಎಂದರು. ಮೇಷ್ಟ್ರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ವಿವರಿಸಿದರು. ಕಡಲಿನ ಏಡಿಯ ಮೊಟ್ಟೆಯಿಂದ ಹೊರಬರುವುದು ಏಡಿಯ ಹಾಗೆ ಕಾಣುವುದೇ ಇಲ್ಲ. ತೇಲುವ ಸೂಕ್ಷ್ಮ ಮರಿ, ರೂಪ ಬದಲಿಸುತ್ತ ಬದಲಿಸುತ್ತ ಏಡಿಯಾಗುತ್ತದೆ. ಗದ್ದೆ, ಹಳ್ಳದ ಏಡಿ ಆ ಅಲೆದಾಟವನ್ನೆಲ್ಲ ಮೊಟ್ಟೆಯೊಳಗೇ ಮುಗಿಸಿಬಿಡುತ್ತದೆ, ಒಡೆದು ಬರುವುದು ಕಾಲು ಕೊಂಬು ಎಲ್ಲ ಇರುವ ಪುಟ್ಟ ಏಡಿ, ಕೆಲವು ದಿನ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಹರಿಯುವ ನೀರಿನಲ್ಲಿ ಮರಿ ಕಳೆದುಕೊಳ್ಳುವ, ಬಸವನಹುಳುವಿಗೆ ಬಂದ ಕಷ್ಟವೇ ಏಡಿಗೂ ಬಂದಿತ್ತು. ಅಜ್ಜಿ ಕೇಳಿ, "ನಂಗೆ ಗೊತ್ತಿರ್ಲಿಲ್ಲ ಇಷ್ಟೆಲ್ಲ. ಪಾಪ ಅಂತ ಬಿಡ್ತಿದ್ದೆ ಅಷ್ಟೆ" ಎಂದರು.

ಊಟವಾಗಿ ಜಗಲಿಯಲ್ಲಿ ಕೂತಾಗ ದೀಪಕ್ಕೆ ಹುಳಗಳು ಬರತೊಡಗಿದವು. ಅದರಲ್ಲಿ ತೆಳು ಮೈಯ, ರೆಕ್ಕೆಯನ್ನು ಬೆನ್ನ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡ, ಬಾಲದಲ್ಲಿ ಉದ್ದನೆಯ ಕೂದಲಿನಂಥ ಎಳೆಗಳಿರುವ ಕೆಲವು ಗೋಡೆಯ ಮೇಲೆ ಕೂತವು. ಮೇಫ್ಲೈ. ಹೊಳೆಯ ಕಲ್ಲಿನಡಿ ಮರಿಯಾಗಿ ತಿಂಗಳುಗಟ್ಟಲೆ ಬದುಕಿ, ರೆಕ್ಕೆ ಬಂದ ಮೇಲೆ ತಿನ್ನುವುದಕ್ಕೂ ಬಾಯಿ ಇಲ್ಲದೆ, ಒಂದೆರಡು ದಿನದೊಳಗೆ ಜೊತೆ ಹುಡುಕಿ, ಮೊಟ್ಟೆಯಿಟ್ಟು ಮುಗಿದುಹೋಗುತ್ತವೆ. ಮನೆಯ ಯಜಮಾನರಿಗೆ ಕಾಫಿಯ ಕಾಂಡಕೊರಕ, ಬೆರಿ ಬೋರರ್ ಯಾವ ತಿಂಗಳು ಯಾವ ಹಂತದಲ್ಲಿ ಇರುತ್ತವೆ ಎಂಬುದು ಬಾಯಿಪಾಠ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಗಿಡ ಕಾಡುವ ಹುಳವನ್ನು ಬೆಳೆಗಾರರಿಗೆ ಪರಿಚಯಿಸಿದೆ. ತೋಟದ ಮಧ್ಯೆ ಹರಿಯುವ ಹಳ್ಳದ ಹುಳವನ್ನು ಅವರಿಗೆ ಯಾರೂ ಪರಿಚಯಿಸಿರಲಿಲ್ಲ. ಕೆಡುಕು ಮಾಡದವರ ಹೆಸರು ನಮಗೆ ಬೇಗ ಬರುವುದಿಲ್ಲ.

ಬೆಳಿಗ್ಗೆ ಕಾಫಿ ಕುಡಿದು ಆ ಹಳ್ಳಕ್ಕೇ ಇಳಿದೆವು. ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಕಾಲ, ಮೇಲಿನ ತೋಟದಲ್ಲಿ ಎಂಜಿನ್ನಿನ ಸದ್ದು ಕೇಳುತ್ತಿತ್ತು. ಮೇಷ್ಟ್ರು ಒಂದೊಂದೇ ಕಲ್ಲು ಎತ್ತಿ, ಅಡಿಮಗ್ಗುಲು ತೋರಿಸಿ, ಇದ್ದ ಹಾಗೇ ಇಟ್ಟರು. ಕಲ್ಲಿಗೆ ಒತ್ತಿಕೊಂಡ, ನಾಣ್ಯದಂತೆ ಚಪ್ಪಟೆಯಾದ ಒಂದು ಜೀರುಂಡೆಯ ಮರಿ. ಎರಡು ಬಾಲದ, ತಣ್ಣನೆಯ ಶುದ್ಧ ನೀರು ಕೆಟ್ಟರೆ ಮೊದಲು ಕಾಣೆಯಾಗುವ ಸ್ಟೋನ್‌ಫ್ಲೈ ಮರಿ. ಆಮೇಲೆ ನೀರಿನ ತಳದಲ್ಲಿ ಒಂದು ಕೊಳೆತೆಲೆಯ ಚೂರು ಹರಿವಿಗೆ ಎದುರಾಗಿ ನಡೆಯಿತು. ಅಂಗೈಗೆ ತೆಗೆದುಕೊಂಡು ನೋಡಿದರೆ ಅದು ಒಂದು ಚೂರಲ್ಲ, ಎರಡು. ಅಂಡಾಕಾರಕ್ಕೆ ನೀಟಾಗಿ ಕತ್ತರಿಸಿದ ಎರಡು ಎಲೆಬಿಲ್ಲೆ, ಮೇಲಿನದು ಸ್ವಲ್ಪ ದೊಡ್ಡದು, ಕೆಳಗಿನದು ಸಣ್ಣದು, ಅಂಚು ಹೊಲಿದಂತೆ ಕೂಡಿಸಿದೆ. ನಡುವಿನಿಂದ ಒಂದು ತಲೆ ಮತ್ತು ಆರು ಕಾಲು ಹೊರಬಂದು, ನನ್ನ ಬೆರಳನ್ನು ಮುಟ್ಟಿ ಒಳಗೆ ಹೋದವು.

ಇದು ಕ್ಯಾಡಿಸ್‌ಫ್ಲೈಯ ಮರಿ. ಪತಂಗಗಳ ಹತ್ತಿರದ ಬಳಗ. ರೇಷ್ಮೆಹುಳದ ಹಾಗೆಯೇ ಬಾಯಿಂದ ರೇಷ್ಮೆ ತೆಗೆಯುತ್ತದೆ, ಆದರೆ ಇದರ ರೇಷ್ಮೆ ನೀರಿನೊಳಗೇ ಅಂಟುತ್ತದೆ. ಕೆಲವು ಬಗೆ ಮರಳುಕಾಳು ಜೋಡಿಸಿ ಕೊಳವೆ ಕಟ್ಟುತ್ತವೆ, ಕೆಲವು ಕಲ್ಲುಗಳ ಮಧ್ಯೆ ಬಲೆ ಕಟ್ಟಿ ನೀರು ಹೊತ್ತು ತಂದದ್ದನ್ನು ಹಿಡಿದು ತಿನ್ನುತ್ತವೆ. ಎಲೆಬಿಲ್ಲೆಯ ಈ ಬಗೆಗೆ ದಡದ ಮರದ ಎಲೆಯೇ ಮನೆ, ಅದೇ ಊಟ. ಕಾಡಿನ ಎಲೆ ಹಳ್ಳಕ್ಕೆ ಬಿದ್ದು ಕೊಳೆತು, ಇಂಥವು ಕಡಿದು ಪುಡಿ ಮಾಡಿದ್ದು ಕೆಳಗಿನವರಿಗೆ ಆಹಾರವಾಗಿ, ಅವರನ್ನು ಮೀನು ತಿಂದು ಹೊಳೆ ನಡೆಯುತ್ತದೆ. ಹಳ್ಳದ ದಡದ ಮರ ಕಡಿದರೆ ಹೊಳೆಯ ಅಡುಗೆಮನೆಯ ಒಲೆ ಆರಿದಂತೆ.

ಮಧ್ಯಾಹ್ನ ಮತ್ತೆ ಅದೇ ಜಾಗಕ್ಕೆ ಹೋದಾಗ ನೀರು ಗೇಣುದ್ದ ಇಳಿದಿತ್ತು. ಮೇಲಿನವರ ಪಂಪು ಬೆಳಗಿನಿಂದ ಎಳೆದಿತ್ತು. ಹೊರಬಿದ್ದ ಕಲ್ಲುಗಳ ಭುಜದಲ್ಲಿ ಮರಳಿನ ಗೂಡುಗಳು ಬಿಸಿಲಿಗೆ ಬೆಳ್ಳಗಾಗಿ ಅಂಟಿದ್ದವು. ಗೂಡನ್ನು ಕಲ್ಲಿಗೆ ಬಿಗಿದು ಒಳಗೆ ಕೋಶವಾಗಿ ಕೂತವು ನೀರಿನ ಹಿಂದೆ ಹೋಗಲಾರವು. ಯಜಮಾನರು ಒಂದನ್ನು ಉಗುರಿನಿಂದ ಬಿಡಿಸಿ ನೋಡಿದರು. ಏನೂ ಹೇಳಲಿಲ್ಲ. ಅವರ ಪಂಪು ಕೂಡ ಅದೇ ಹಳ್ಳದಲ್ಲಿದೆ, ಮರುದಿನ ಅವರ ಸರದಿ. ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೆ ಯಾರೂ ಪಂಪು ಇಡಬೇಕಿಲ್ಲ, ಮಳೆಯನ್ನು ನಂಬಿ ಕೂತರೆ ಫಸಲು ಹೋಗುತ್ತದೆ. ಬೆಳೆಗಾರರಿಗೂ ಹುಳಕ್ಕೂ ಬೇಕಾದದ್ದು ಅದೇ ನೀರು, ಅದೇ ವಾರ. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ, ಆ ಕಲ್ಲುಗಳನ್ನು ಮರೆಯಲೂ ಆಗುತ್ತಿಲ್ಲ.

ಭದ್ರೆಗೆ ಹೋದದ್ದು ಮರುದಿನ. ಅಂಬಾತೀರ್ಥದಲ್ಲಿ ಸ್ವಲ್ಪ ಹೊತ್ತು ನಿಂತೆವು. ಮಧ್ವಾಚಾರ್ಯರು ಒಂದೇ ಕೈಯಲ್ಲಿ ಎತ್ತಿಟ್ಟರು ಎನ್ನುವ ಬಂಡೆ, ನೀರು ಕೊರೆದ ಕಲ್ಲಿನ ಕಣಿವೆ, ಕೈಮುಗಿಯಲು ಬಂದವರು. ಅಲ್ಲಿಂದ ಹೊಳೆಯ ಜೊತೆ ಬಹಳ ದೂರ ಕೆಳಗೆ ಹೋಗಿ ಒಂದು ಕಡೆ ಇಳಿದೆವು. ಆ ಜಾಗದ ಹೆಸರು ಬರೆಯುವುದಿಲ್ಲ. ಚಿಪ್ಪು ಕೊಳ್ಳುವವರು ಜಗತ್ತಿನಲ್ಲಿ ಎಲ್ಲೆಲ್ಲೂ ಇದ್ದಾರೆ.

ಗಾಳ ಹಾಕಿ ಕೂತಿದ್ದ ಮುದುಕರೊಬ್ಬರನ್ನು ಮೇಷ್ಟ್ರು ಚಿಪ್ಪಿನ ಬಗ್ಗೆ ಕೇಳಿದರು. "ಕಲ್ಲಿಗೆ ಅಂಟಿದ್ದಾ? ಅದು ತಿನ್ನೋದಲ್ಲ ಮಾರಾಯ್ರೆ. ಬಿಡಿಸೋಕೂ ಬರಲ್ಲ. ಈಜೋವಾಗ ಕಾಲು ಕೊಯ್ಯುತ್ತೆ" ಎಂದು, ಪಂಚೆ ಎತ್ತಿ ಕಟ್ಟಿ ಮುಂದೆ ನಡೆದರು. ಸೆಳೆತ ಇರುವ ಕಡೆ ಸೊಂಟದವರೆಗೆ ನೀರಿನಲ್ಲಿ ನಿಂತು, ಅವರು ಹಿಡಿದ ಬಂಡೆಗೆ ನಾನೂ ಕೈಯಿಟ್ಟೆ. ಬಂಡೆಯ ಒರಟೇ ಎಂದುಕೊಂಡ ಕಡೆ ಒಂದು ಅಂಚು ಬೆರಳಿಗೆ ಸಿಕ್ಕಿತು. ಬಗ್ಗಿ ನೋಡಿದರೆ ಕಂದುಕಪ್ಪು, ಪದರ ಪದರವಾದ ಸೊಟ್ಟ ಚಿಪ್ಪು. ಕೆಳಗಿನ ಚಿಪ್ಪು ಬಂಡೆಯಲ್ಲೇ ಬೆಸೆದುಹೋಗಿದೆ, ಮೇಲಿನದು ಮುಚ್ಚಳದಂತೆ ಕೂತಿದೆ. ಬಂಡೆಯ ಉಬ್ಬುತಗ್ಗು ಹೇಗಿದೆಯೋ ಚಿಪ್ಪೂ ಹಾಗೇ ಬೆಳೆದಿದೆ, ಒಂದರ ಹಾಗೆ ಇನ್ನೊಂದಿಲ್ಲ. ಪಕ್ಕದಲ್ಲಿ ಸತ್ತದ್ದೊಂದರ ಮೇಲಿನ ಚಿಪ್ಪು ಹೋಗಿ, ಬಂಡೆಯ ಮೇಲೆ ಉಳಿದ ಒಳಮೈ ಮುತ್ತಿನ ಬಣ್ಣದಲ್ಲಿ ಮಿನುಗುತ್ತಿತ್ತು.

1898ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಎಡ್ಗರ್ ಸ್ಮಿತ್ ಇದನ್ನು ವಿವರಿಸಿ, ಭದ್ರೆಯಿಂದ ಸಂಗ್ರಹಿಸಿ ಕಳಿಸಿದ ಡಾಲಿ ಎಂಬವರ ಹೆಸರಿಟ್ಟರು. ಆಗ ಈ ಜಿಲ್ಲೆ ಕಡೂರು ಜಿಲ್ಲೆ. ಇಂದು ಇದರ ಹೆಸರು ಸ್ಯೂಡೋಮುಲ್ಲೇರಿಯ ಡಾಲಿಯೈ. ತುಂಗಾ ಭದ್ರೆಯ ಸೀಮೆ ಬಿಟ್ಟರೆ ಮತ್ತೆಲ್ಲೂ ಸಿಗದ್ದು, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿದೆ. ಆ ಕಾಲದ ವಿದ್ವಾಂಸರು ಇದನ್ನು ಕಂಡು ಬೆರಗಾದದ್ದಕ್ಕೆ ಕಾರಣವಿತ್ತು. ಸಿಹಿನೀರಿನಲ್ಲಿ ಹೀಗೆ ಬಂಡೆಗೆ ಬೆಸೆದುಕೊಳ್ಳುವ ಚಿಪ್ಪುಗಳು ಆಫ್ರಿಕದ ನೈಲ್ ಮುಂತಾದ ಹೊಳೆಗಳಲ್ಲಿ, ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ ಇವೆ. ಹಾಗಾದರೆ ಇವೆಲ್ಲ ಒಂದೇ ಮನೆತನ, ಖಂಡಗಳು ಒಡೆದು ಬೇರೆಯಾದಾಗ ದೂರಾದ ದಾಯಾದಿಗಳು ಎಂದು ಬಹುಕಾಲ ನಂಬಿದ್ದರು. 2000ದಲ್ಲಿ ಬೋಗನ್ ಮತ್ತು ಹೋ ಎಂಬ ವಿಜ್ಞಾನಿಗಳು ವಂಶವಾಹಿ ಹಿಡಿದು ನೋಡಿದಾಗ ಬೇರೆ ಸಂಗತಿ ಹೊರಬಂತು. ಭದ್ರೆಯ ಚಿಪ್ಪು ಅವರ ದಾಯಾದಿಯಲ್ಲ. ಇದರ ನಿಜವಾದ ಬಳಗ ನಮ್ಮ ಕೆರೆ ಹೊಳೆಗಳ ಕೆಸರಿನಲ್ಲಿ ಹೂತು ಕೂರುವ ಸಾಮಾನ್ಯ ಸಿಹಿನೀರಿನ ಚಿಪ್ಪುಗಳು. ಸೆಳೆತದ ನೀರಿನಲ್ಲಿ ಉಳಿಯಲು ಇದು ತಾನೇ, ಬೇರೆಯಾಗಿ, ಅಂಟಿಕೊಳ್ಳುವುದನ್ನು ಕಲಿತಿತ್ತು.

ಹೊಳೆಯಲ್ಲಿ ನಿಂತು ಇದನ್ನು ಕೇಳುವಾಗ ಹನುಮನಗುಂಡಿ ನೆನಪಾಯಿತು. ಅಲ್ಲಿ ನೋಡಿದ್ದು ಕಾಡುಹೊಳೆಯ ಬಸವನಹುಳುವಿನಂತೆ ಕಾಣುವ ಕಡಲಿನ ನೆಂಟ. ಇಲ್ಲಿ ಕೈಗೆ ಸಿಕ್ಕಿದ್ದು ಮಲ್ಪೆಯ ಸಿಂಪಿಯಂತೆ ಕಾಣುವ, ಆದರೆ ಅಪ್ಪಟ ಹೊಳೆಯ ಮಗು. ಅಜ್ಜಿ ಜಗಲಿಯಲ್ಲಿ ಕೂತು ಮುಖ ನೋಡದೆ ಮನೆಗಳ ಹೆಸರು ಕೇಳಿ ನೆಂಟಸ್ತಿಕೆ ಹುಡುಕಿದ್ದರು. ಆ ದಾರಿಯೇ ಸರಿ ಎನ್ನಿಸಿತು.

ಮೇಷ್ಟ್ರು ಮಾತ್ರ ಬಂಡೆಯಿಂದ ಬಂಡೆಗೆ ಹೋಗಿ ತಡವುತ್ತಲೇ ಇದ್ದರು. ಏನು ಹುಡುಕುತ್ತೀರಿ ಎಂದೆ. "ಎಳೆಯದು. ಒಂದೂ ಸಿಗ್ತಾ ಇಲ್ಲ" ಎಂದರು. ನಿಜ, ಮುಟ್ಟಿದ್ದೆಲ್ಲ ದಪ್ಪ, ಸವೆದ, ಹಳೆಯ ಚಿಪ್ಪುಗಳು. ಈ ಬಳಗದ ಚಿಪ್ಪುಗಳ ಮರಿಗಳು ಮೊದಲು ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು, ಅದರ ಮೈಯಲ್ಲೇ ಕೆಲಕಾಲ ಬೆಳೆದು, ಆಮೇಲೆ ಉದುರಿ ತಳ ಸೇರುತ್ತವೆ. ನಡೆಯಲಾರದ ತಾಯಿಯ ಮಕ್ಕಳನ್ನು ಹೊಳೆಯ ಮೇಲಕ್ಕೆ ಹೊತ್ತೊಯ್ಯುವುದು ಮೀನು. ಮೀನಿಲ್ಲದಿದ್ದರೆ ಮರಿಗೆ ಬಾಳಿಲ್ಲ. ಗಾಳದ ಮುದುಕರು ಇದನ್ನು ಕೇಳಿ ಸಿಟ್ಟಿನಿಂದ ಹೇಳಿದರು: "ತೋಟೆ ಹೊಡೀತಾರೆ, ಬ್ಲೀಚಿಂಗ್ ಪೌಡರ್ ಹಾಕ್ತಾರೆ. ಒಂದ್ಸಲ ಹಾಕಿದ್ರೆ ದೊಡ್ಡದು ಸಣ್ಣದು ಎಲ್ಲ ಬಿಳೀ ಹೊಟ್ಟೆ ಮೇಲೆ. ಇನ್ನು ನಿಮ್ಮ ಚಿಪ್ಪು ಎಲ್ಲಿಂದ ಹುಟ್ಬೇಕು?"

ಚಿಪ್ಪು ತಾನು ಉಸಿರಾಡುವ ನೀರನ್ನು ಸೋಸಿ, ಅದರಲ್ಲಿದ್ದ ಸೂಕ್ಷ್ಮ ಪಾಚಿ, ಕಸ ತಿಂದು, ಸ್ವಚ್ಛ ಮಾಡಿ ಬಿಡುತ್ತದೆ. ಹೂಳು ಬಂದರೆ ಕೆಸರಿನ ಚಿಪ್ಪು ಮೇಲೆ ಸರಿದುಕೊಳ್ಳಬಹುದು, ಇದು ಕೂತಲ್ಲೇ ಮುಚ್ಚಿಹೋಗಬೇಕು. ನೀರು ಇಳಿದರೂ ಅಷ್ಟೇ. ಕಾಫಿ ಪಲ್ಪಿಂಗ್ ನೀರನ್ನು ಹಾಗೇ ಹೊಳೆಗೆ ಬಿಟ್ಟು ಆಮ್ಲಜನಕ ಕುಗ್ಗಿದರೂ ಅಷ್ಟೇ. ಮುದುಕ ಚಿಪ್ಪುಗಳು ಬಹುವರ್ಷ ಬದುಕುತ್ತವೆ, ಆದ್ದರಿಂದ ಹೊರಗಿನಿಂದ ನೋಡಿದವರಿಗೆ ಎಲ್ಲ ಇದ್ದ ಹಾಗೇ ಇದೆ ಅನ್ನಿಸುತ್ತದೆ. ಮಕ್ಕಳಿಲ್ಲದ ಊರು ಕೂಡ ಕೆಲವು ಕಾಲ ತುಂಬಿದ ಊರಿನಂತೆಯೇ ಕಾಣುತ್ತದೆ.

ಹಿಂದಿರುಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನಕ್ಕೆ ಹೋಗಿ, ಮೂಡಿಗೆರೆಯ ದಾರಿ ಹಿಡಿದೆವು. ಈ ಸೀಮೆಯ ಹುಳ, ಹಕ್ಕಿ, ಮೀನನ್ನು ಕನ್ನಡದ ಓದುಗರ ಮನೆಯ ಮಾತಾಗಿಸಿದವರು ಅವರು. ಹಾರುವ ಓತಿ ನಮಗೆಲ್ಲ ಗೊತ್ತಾದದ್ದು ಅವರಿಂದ. ಹೇಮಾವತಿಯ ಸೇತುವೆಯ ಮೇಲೆ ನಿಂತು ಮೇಷ್ಟ್ರು ಕೆಳಗಿನ ಬಂಡೆಗಳನ್ನು ನೋಡುತ್ತಲೇ ಇದ್ದರು. ಅದು ಕಾವೇರಿಗೆ ಹೋಗುವ ನೀರು, ಭದ್ರೆಯ ಚಿಪ್ಪು ಅಲ್ಲಿರುವುದಿಲ್ಲ ಎಂದು ಅವರಿಗೂ ಗೊತ್ತು.

ಮೊನ್ನೆ ಕಳಸದ ಯಜಮಾನರು ಫೋನು ಮಾಡಿದ್ದರು. ಗದ್ದೆಯ ಮೂಲೆಯಲ್ಲಿ ಒಂದು ಹೊಂಡ ತೋಡಿಸಿ ಮಳೆಗಾಲದಲ್ಲೇ ನೀರು ತುಂಬಿಸಿಟ್ಟುಕೊಂಡರೆ ಫೆಬ್ರವರಿಯಲ್ಲಿ ಹಳ್ಳಕ್ಕೆ ಪಂಪು ಇಡುವುದು ಅರ್ಧ ತಪ್ಪುತ್ತದೆ, ಮೇಲಿನ ತೋಟದವರ ಹತ್ತಿರವೂ ಮಾತಾಡಿದ್ದೇನೆ, ಅವರು ಇನ್ನೂ ಒಪ್ಪಿಲ್ಲ ಎಂದರು. ಮುಂದಿನ ಬೇಸಿಗೆಗೆ ಮೇಷ್ಟ್ರು ಅದೇ ಬಂಡೆಗಳ ಹತ್ತಿರ ಹೋಗಲು ದಿನ ನೋಡುತ್ತಿದ್ದಾರೆ, ಅರಣ್ಯ ಇಲಾಖೆಗೆ ಅರ್ಜಿಯನ್ನೂ ಬರೆದಿದ್ದಾರೆ. ಹುಡುಕಬೇಕಾದದ್ದು ಉಗುರಿನಷ್ಟು ಗಾತ್ರದ ಎಳೆಯ ಚಿಪ್ಪನ್ನು. ಗಾಳದ ಮುದುಕರು ಜೊತೆಗೆ ಬರುತ್ತೇನೆ ಎಂದಿದ್ದಾರೆ, ನಾನೂ ಹೋಗುತ್ತೇನೆ.